ಕ್ಯಾರವಾನ್ ಬಾಡಿಗೆಗೆ ಬಿಡುವುದು ಹೇಗೆ? ಮಂಗಳೂರು-ಉಡುಪಿಯವರಿಗೆ ಕಾಗದದಿಂದ ಕೊಳೆನೀರಿನವರೆಗೆ

ಮೊದಲ ವರ್ಷ ನಮ್ಮ ಕ್ಯಾರವಾನಿನಲ್ಲಿ, ಎಂದರೆ ಮಂಚ, ಒಲೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿಯಲ್ಲಿ, ನಾವು ಮಲಗಿದ್ದು ಬರೀ 19 ರಾತ್ರಿ. ಉಳಿದ ದಿನ ಅದು ಸುರತ್ಕಲ್‌ನ ಮನೆಯಂಗಳದಲ್ಲಿ, ಹಲಸಿನ ಮರದ ಕೆಳಗೆ ನಿಂತಿತ್ತು. ಗಾಡಿಯ ಅಡಿಯಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಇನ್ಶೂರೆನ್ಸ್ ಮತ್ತು ಸಾಲದ ಕಂತು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. "ಸುಮ್ನೆ ನಿಂತ ಗಾಡಿ ಸುಮ್ನೆ ತಿನ್ನುತ್ತದೆ ಮಾರಾಯ್ರೆ, ಬಾಡಿಗೆಗೆ ಬಿಡಿ" ಎಂದರು ಪಕ್ಕದ ಮನೆಯವರು. ಬಿಟ್ಟೆವು. ಕೆಲವು ಪಾಠಗಳು ಸ್ವಲ್ಪ ದುಬಾರಿ ಬಿದ್ದವು. ನೀವು ಆ ದುಡ್ಡು ಕಳೆಯಬೇಕಾಗಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಗಾಡಿ ಇಟ್ಟುಕೊಂಡು ಇದರಲ್ಲಿ ಶ್ರೀಮಂತರಾಗಲು ಆಗುವುದಿಲ್ಲ. ಗಾಡಿ ತನ್ನ ಊಟ ತಾನೇ ದುಡಿದುಕೊಂಡರೆ ಸಾಕು ಎನ್ನುವವರಿಗೆ ಮಾತ್ರ ಈ ಮಾರ್ಗದರ್ಶಿ.

ಹೆಜ್ಜೆ 1: ಬೋರ್ಡಿನ ಬಣ್ಣ ಸರಿ ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ವಿದೇಶದ ವಿಡಿಯೊಗಳಲ್ಲಿ ಮಾಲೀಕ ಕೀ ಕೊಡುತ್ತಾನೆ, ಗಿರಾಕಿ ಓಡಿಸಿಕೊಂಡು ಹೋಗುತ್ತಾನೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ.

ಬಿಳಿ ಬೋರ್ಡಿನ ಗಾಡಿ ಸ್ವಂತ ಬಳಕೆಗೆ ಮಾತ್ರ. ಅದನ್ನು ಬಾಡಿಗೆಗೆ ಓಡಿಸಿ ಸಿಕ್ಕಿಬಿದ್ದರೆ ಪರ್ಮಿಟ್ ಇಲ್ಲದೆ ಓಡಿಸಿದ ಕೇಸು. ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂ. ದಂಡ ಮತ್ತು ಆರು ತಿಂಗಳವರೆಗೆ ಜೈಲು ಆಗಬಹುದು. "ಫ್ರೆಂಡ್ಸ್‌ಗೆ ಕೊಟ್ಟಿದ್ದೇನೆ, ಡೀಸೆಲ್ ದುಡ್ಡು ಮಾತ್ರ ತಗೊಂಡೆ" ಎನ್ನುವ ಮಾತು ಚೆಕ್‌ಪೋಸ್ಟ್‌ನಲ್ಲಿ ಒಮ್ಮೊಮ್ಮೆ ನಡೆದೀತು, ಆಕ್ಸಿಡೆಂಟ್ ಆದ ಮೇಲೆ ನಡೆಯುವುದಿಲ್ಲ.

ಸೆಲ್ಫ್ ಡ್ರೈವ್ ಬಾಡಿಗೆಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಅದಕ್ಕೆ 1989ರ ರೆಂಟ್ ಎ ಕ್ಯಾಬ್ ಸ್ಕೀಮ್‌ನ ಲೈಸೆನ್ಸ್ ಬೇಕು. ಆ ಲೈಸೆನ್ಸ್‌ಗೆ ಕಡಿಮೆ ಎಂದರೂ 50 ಗಾಡಿ ಇರಬೇಕು. ಒಂದೇ ಗಾಡಿ ಇರುವ ನಮಗೂ ನಿಮಗೂ ಅದು ದೂರದ ಮಾತು.

ಹಾಗಾದರೆ ಉಳಿದ ದಾರಿ ಮೂರು.

ಮೊದಲನೆಯದು, ಗಾಡಿಯನ್ನು ಯೆಲ್ಲೋ ಬೋರ್ಡ್ ಮಾಡಿ, ಟೂರಿಸ್ಟ್ ಪರ್ಮಿಟ್ ತೆಗೆದು, ಡ್ರೈವರ್ ಸಮೇತ ಬಾಡಿಗೆಗೆ ಬಿಡುವುದು. ನಾವು ಮಾಡಿದ್ದು ಇದನ್ನೇ, ಈ ಬರಹ ಮುಖ್ಯವಾಗಿ ಇದರದ್ದೇ. ಎರಡನೆಯದು, ಲೈಸೆನ್ಸ್ ಇರುವ ದೊಡ್ಡ ಬಾಡಿಗೆ ಕಂಪನಿಗೆ ಗಾಡಿ ಕೊಟ್ಟು ತಿಂಗಳಿಗೆ ಇಷ್ಟು ಎಂದು ಪಡೆಯುವುದು. ನಮಗೆ ಪರಿಚಯದ ಒಬ್ಬರು ಹೀಗೆ ಕೊಟ್ಟರು. ಕರಾರಿನಲ್ಲಿ "ಲಾಭದ ಪಾಲು" ಎಂದಿತ್ತು, ಕನಿಷ್ಠ ಮೊತ್ತ ಎಂದಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರೂಪಾಯಿಯೂ ಬರಲಿಲ್ಲ. ಗಾಡಿ ವಾಪಸ್ ಬಂದಾಗ ಫ್ರಿಜ್ ಬಾಗಿಲು ಮುಚ್ಚುತ್ತಿರಲಿಲ್ಲ. ಈ ದಾರಿ ಹಿಡಿದರೆ ಕನಿಷ್ಠ ಮೊತ್ತ, ಇನ್ಶೂರೆನ್ಸ್ ಕಟ್ಟುವವರು ಯಾರು, ಹಾಳಾದದ್ದನ್ನು ಯಾರು ಸರಿ ಮಾಡಿಸುತ್ತಾರೆ, ಈ ಮೂರೂ ಬರವಣಿಗೆಯಲ್ಲಿ ಇರಲಿ. ಮೂರನೆಯ ದಾರಿ ಗಾಡಿಯನ್ನು ಓಡಿಸದೇ ನಿಲ್ಲಿಸಿ ಬಾಡಿಗೆಗೆ ಕೊಡುವುದು. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಇನ್ನೊಂದು ಮಾತು. ಟಿಟಿ, ಎಂದರೆ ಟೆಂಪೊ ಟ್ರಾವೆಲರ್ ತಗೊಂಡು ಊರಿನ ಬಾಡಿ ಶಾಪಿನಲ್ಲಿ ಸೀಟು ಕಿತ್ತು, ಮಂಚ ಕೂರಿಸಿ "ಕ್ಯಾರವಾನ್" ಎಂದರೆ ಆರ್‌ಟಿಒ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಾಖಂಡಿತ ಹೇಳಿದೆ: ಆರ್‌ಸಿಯಲ್ಲಿ ಇರುವ, ತಯಾರಕರು ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಉಂಟು. ಅದರ ಅಪ್ರೂವಲ್ ಇರುವ ಬಿಲ್ಡರ್‌ರಿಂದಲೇ ಮಾಡಿಸಿ, ಆರ್‌ಸಿಯಲ್ಲಿ ಕ್ಯಾರವಾನ್ ಎಂದೇ ಬರಲಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಒಳಗಿನ ಸೋಫಾ ನೋಡುವ ಮೊದಲು ಆರ್‌ಸಿ ನೋಡಿ. ಸೀಟು ಎಷ್ಟು ಎಂದು ಬರೆದಿದೆಯೋ ಅಷ್ಟೇ ಜನ. ಮಂಚ ಆರು ಇದ್ದು ಸೀಟು ನಾಲ್ಕು ಇದ್ದರೆ ನಿಮ್ಮ ಗಾಡಿ ನಾಲ್ವರ ಗಾಡಿ.

ನಂತರದ ಕಾಗದಗಳು ಕಷ್ಟವಲ್ಲ, ಓಡಾಟ ಜಾಸ್ತಿ ಅಷ್ಟೆ. ಮಂಗಳೂರಿನವರು ಕೆಎ-19, ಉಡುಪಿಯವರು ಕೆಎ-20 ಕಚೇರಿಗೆ ಹೋಗಬೇಕು. ಅಖಿಲ ಭಾರತ ಟೂರಿಸ್ಟ್ ಪರ್ಮಿಟ್‌ಗೆ 2023ರ ನಿಯಮದ ಪ್ರಕಾರ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಫೀಸು ಸೀಟಿನ ಲೆಕ್ಕದ ಮೇಲೆ. "ಕರ್ನಾಟಕದೊಳಗೆ ಮಾತ್ರ ಓಡಿಸುತ್ತೇನೆ, ಅದು ಯಾಕೆ" ಎನ್ನಬೇಡಿ. ಮಂಗಳೂರಿನ ಗಿರಾಕಿ ಬೇಕಲ ಕೋಟೆ ಕೇಳಿಯೇ ಕೇಳುತ್ತಾನೆ, ತಲಪಾಡಿ ದಾಟಿದರೆ ಕೇರಳ. ಎಫ್‌ಸಿ, ಎಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸ್ಪೀಡ್ ಗವರ್ನರ್, ಜಿಪಿಎಸ್ ಟ್ರ್ಯಾಕಿಂಗ್ ಸಾಧನ, ಪ್ಯಾನಿಕ್ ಬಟನ್ ಇವೆಲ್ಲ ಎಫ್‌ಸಿ ದಿನ ಕೇಳುತ್ತಾರೆ, ಮೊದಲೇ ಹಾಕಿಸಿ.

ಹೆಜ್ಜೆ 2: ಇನ್ಶೂರೆನ್ಸ್‌ನಲ್ಲಿ ಏನೂ ಮುಚ್ಚಿಡಬೇಡಿ

ಪ್ರೈವೇಟ್ ಪಾಲಿಸಿಯಲ್ಲಿ ಬಾಡಿಗೆ ಓಡಾಟಕ್ಕೆ ಕವರ್ ಇಲ್ಲ. ಕಮರ್ಷಿಯಲ್ ಪ್ಯಾಸೆಂಜರ್ ಪಾಲಿಸಿಯೇ ಬೇಕು. ಸಂಬಳದ ಡ್ರೈವರ್‌ಗೆ ಕವರ್ ಸೇರಿಸಿ, ಅದಕ್ಕೆ ಹೆಚ್ಚು ಬೀಳುವುದಿಲ್ಲ. ಎಸಿ, ಫ್ರಿಜ್, ಇನ್ವರ್ಟರ್, ಸೋಲಾರ್ ಪ್ಯಾನೆಲ್ ಇವನ್ನು ಬೆಲೆ ಸಮೇತ ಆಕ್ಸೆಸರಿ ಎಂದು ಬರೆಸಿ. ಬರೆಸದಿದ್ದರೆ ಕ್ಲೇಮ್ ಆಗುವುದು ಖಾಲಿ ಟಿಟಿಗೆ ಮಾತ್ರ. ಒಳಗಿನ ಲಕ್ಷಗಟ್ಟಲೆ ಸಾಮಾನು ಲೆಕ್ಕಕ್ಕೇ ಬರುವುದಿಲ್ಲ.

ಹೆಜ್ಜೆ 3: ಪೆನ್ನು ಹಿಡಿದು ಲೆಕ್ಕ ಹಾಕಿ

ಇದು ನಮ್ಮ ಗಾಡಿಯ ಲೆಕ್ಕ. ನಾಲ್ಕು ಜನರ ಟಿಟಿ ಕ್ಯಾರವಾನ್. ನಿಮ್ಮ ಅಂಕಿ ಬೇರೆ ಇರುತ್ತದೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ ಇರಲಿ.

ಗಾಡಿ ಹಂದಾಡದಿದ್ದರೂ ವರ್ಷಕ್ಕೆ ಹೋಗುವ ದುಡ್ಡು: ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಸೇರಿ 1,10,000. ಸರ್ವಿಸ್ ಮತ್ತು ಟಯರ್‌ಗೆ 60,000. ತುಕ್ಕು, ಪೇಂಟ್‌ಗೆ 25,000. ಬ್ಯಾಟರಿ ಮುಂದೆ ಬದಲಿಸಲು ಎತ್ತಿಡುವುದು 25,000. ಕರೆಂಟು, ಕಾವಲು, ಚಿಲ್ಲರೆ 12,000. ಒಟ್ಟು 2,32,000 ರೂ. ಸಾಲದ ಕಂತು ಇದರಲ್ಲಿ ಇಲ್ಲ.

ಈಗ ಬಾಡಿಗೆ. ರಾತ್ರಿಗೆ 9,000 ರೂ., ಅದರಲ್ಲಿ 150 ಕಿ.ಮೀ. ಫ್ರೀ. ಟೋಲ್, ಪಾರ್ಕಿಂಗ್, ರಾತ್ರಿ ನಿಲ್ಲುವ ಜಾಗದ ಬಾಡಿಗೆ ಗಿರಾಕಿಯದ್ದು.

ಒಂದು ರಾತ್ರಿಯ ಟ್ರಿಪ್ ತಗೊಳ್ಳಿ. ಡೀಸೆಲ್ 1,500. ಡ್ರೈವರ್‌ಗೆ ಬಾಟಾ, ಮಲಗುವ ಖರ್ಚು ಸೇರಿ ದಿನಕ್ಕೆ 1,400, ಒಂದು ರಾತ್ರಿ ಎಂದರೆ ಎರಡು ದಿನ, ಹಾಗಾಗಿ 2,800. ಕ್ಲೀನಿಂಗ್, ಬಟ್ಟೆ ಒಗೆಸುವುದು 700. ಗ್ಯಾಸ್, ನೀರು 200. ಗಿರಾಕಿ ತಂದವರಿಗೆ ಕಮಿಷನ್ 900. ಖರ್ಚು 6,100 ಆಯಿತು, ಕೈಯಲ್ಲಿ ಉಳಿಯುವುದು 2,900.

ಎರಡು ರಾತ್ರಿಯ ಟ್ರಿಪ್ ಆದರೆ? ಬಾಡಿಗೆ 18,000. ಡೀಸೆಲ್ 3,000, ಡ್ರೈವರ್ ಮೂರು ದಿನಕ್ಕೆ 4,200, ಕ್ಲೀನಿಂಗ್ ಅದೇ 700, ಗ್ಯಾಸ್-ನೀರು 400, ಕಮಿಷನ್ 1,800. ಉಳಿಯುವುದು 7,900.

ನೋಡಿ, ವ್ಯತ್ಯಾಸ ಎಲ್ಲಿದೆ ಎಂದು. ರಾತ್ರಿ ಎರಡರಷ್ಟು ಆಯಿತು, ಉಳಿತಾಯ ಎರಡೂ ಮುಕ್ಕಾಲರಷ್ಟು ಆಯಿತು. ಒಂದು ರಾತ್ರಿಯ ಟ್ರಿಪ್‌ಗಳಲ್ಲೇ 2,32,000 ಹುಟ್ಟಿಸಬೇಕಾದರೆ 80 ಟ್ರಿಪ್ ಬೇಕು. ಎರಡು ರಾತ್ರಿಯದ್ದಾದರೆ 30 ಸಾಕು. ನಮ್ಮ ಸೀಸನ್ ಅಕ್ಟೋಬರ್‌ನಿಂದ ಮೇವರೆಗೆ, ಅದರಲ್ಲಿ ಸಿಗುವುದು ಸುಮಾರು 34 ವೀಕೆಂಡ್. ಹಾಗಾಗಿ "ಕನಿಷ್ಠ ಎರಡು ರಾತ್ರಿ" ಎನ್ನುವುದು ನಮ್ಮ ಹಟವಲ್ಲ, ಲೆಕ್ಕ. ಮೊದಲ ಸೀಸನ್‌ನಲ್ಲಿ ನಾವು ಯಾರು ಕೇಳಿದರೂ ಒಂದು ರಾತ್ರಿಗೆ ಕೊಟ್ಟೆವು. ಗಾಡಿ ಸದಾ ಓಡುತ್ತಿತ್ತು, ಊರವರೆಲ್ಲ "ಒಳ್ಳೆ ಬಿಸಿನೆಸ್" ಎಂದರು. ಪುಸ್ತಕ ನೋಡಿದರೆ ಇನ್ಶೂರೆನ್ಸ್ ಕಟ್ಟಲೂ ದುಡ್ಡಿರಲಿಲ್ಲ.

34ರಲ್ಲಿ 30 ವೀಕೆಂಡ್ ತುಂಬುವುದೂ ಸುಲಭವಲ್ಲ. ವಾರದ ನಡುವಿನ ಕೆಲಸ ಹುಡುಕಬೇಕು. ಅದು ಮುಂದಿನ ಹೆಜ್ಜೆ.

ಹೆಜ್ಜೆ 4: ಗಿರಾಕಿ ಯಾರು ಎಂದು ತಿಳಿದುಕೊಳ್ಳಿ

ಸಮುದ್ರ ತೀರದಲ್ಲಿ ಗಿಟಾರ್ ಬಾರಿಸುವ ಹುಡುಗರು ಬರುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಬಂದವರು ಬೇರೆ. ನಮ್ಮ ಅತಿ ಹೆಚ್ಚು ಬುಕಿಂಗ್ ವಯಸ್ಸಾದ ತಂದೆತಾಯಿಯನ್ನು ದೇವಸ್ಥಾನಗಳಿಗೆ ಕರೆದುಕೊಂಡು ಹೋಗುವವರದ್ದು. ಕಟೀಲು, ಧರ್ಮಸ್ಥಳ, ಕುಕ್ಕೆ. ಅಥವಾ ಉಡುಪಿ, ಆನೆಗುಡ್ಡೆ, ಕೊಲ್ಲೂರು. ಬೆಂಗಳೂರಿನ ಒಬ್ಬ ಮಗಳು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಹಾಸಿಗೆಯದ್ದಲ್ಲ, ವ್ಯೂನದ್ದಲ್ಲ. "ಅಮ್ಮನಿಗೆ ಶುಗರ್ ಉಂಟು. ಗಾಡಿಯಲ್ಲಿ ಟಾಯ್ಲೆಟ್ ನಿಜವಾಗಿ ಉಪಯೋಗಿಸಬಹುದಾ, ಬರೀ ಫೋಟೊಗಾ?" ಅಂದಿನಿಂದ ನಮ್ಮ ಜಾಹೀರಾತಿನ ಮೊದಲ ಫೋಟೊ ಸೂರ್ಯಾಸ್ತದ್ದಲ್ಲ, ಟಾಯ್ಲೆಟ್‌ನದ್ದು. ಬಾಗಿಲ ಪಕ್ಕ ಹಿಡಿದು ಹತ್ತಲು ಎರಡು ಸ್ಟೀಲ್ ಹಿಡಿಕೆ, ಮಡಚುವ ಒಂದು ಮೆಟ್ಟಿಲು ಹಾಕಿಸಿದೆವು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬುಕಿಂಗ್ ತಂದುಕೊಟ್ಟ ಇನ್ನೊಂದು ಕೆಲಸ ನಾವು ಮಾಡಿಲ್ಲ.

ಎರಡನೆಯ ಗುಂಪು ಡಿಸೆಂಬರ್, ಜನವರಿಯಲ್ಲಿ ಗಲ್ಫ್‌ನಿಂದ ರಜೆಗೆ ಬರುವವರು. ಇವರು ಎರಡು ತಿಂಗಳು ಮೊದಲೇ ಬುಕ್ ಮಾಡುತ್ತಾರೆ, ಚೌಕಾಶಿ ಕಡಿಮೆ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಉಡುಪಿ ಪರ್ಯಾಯ. ಆ ವಾರ ಊರಿನ ಲಾಡ್ಜ್‌ಗಳು ತುಂಬಿರುತ್ತವೆ, ನಿಮ್ಮ ಗಾಡಿಯ ದರ ನೀವು ಹೇಳಿದ್ದೇ. ಆದರೆ ರಥಬೀದಿಯ ಹತ್ತಿರಕ್ಕೆ ಗಾಡಿ ಹೋಗುವುದಿಲ್ಲ, ಅದನ್ನು ಗಿರಾಕಿಗೆ ಮೊದಲೇ ಹೇಳಿ.

ಮೂರನೆಯದು ನಾವು ಕನಸಿನಲ್ಲೂ ಎಣಿಸದ್ದು, ಶೂಟಿಂಗ್. ಪ್ರಿವೆಡ್ಡಿಂಗ್ ಫೋಟೊ ತೆಗೆಸುವ ಮದುಮಗಳಿಗೆ ಮಲ್ಪೆಯ ಬಿಸಿಲಿನಲ್ಲಿ ಸೀರೆ ಬದಲಿಸಲು ಜಾಗ ಎಲ್ಲುಂಟು? ತುಳು ಸಿನಿಮಾದವರಿಗೂ ಮೇಕಪ್‌ಗೆ, ವಿಶ್ರಾಂತಿಗೆ ಗಾಡಿ ಬೇಕು. ಹಗಲಿನ ಬಾಡಿಗೆ 6,000, ಓಡಾಟ 40 ಕಿ.ಮೀ. ಡೀಸೆಲ್ 400, ಡ್ರೈವರ್ 1,400, ಕ್ಲೀನಿಂಗ್ 300 ಕಳೆದರೆ 3,900 ಉಳಿಯುತ್ತದೆ. ಒಂದು ರಾತ್ರಿಯ ಟ್ರಿಪ್‌ಗಿಂತ ಹೆಚ್ಚು, ಅದೂ ವಾರದ ನಡುವೆ! ಸೀಸನ್‌ಗೆ ಇಂಥ ಹತ್ತು ಸಿಕ್ಕಿದರೆ ಎರಡು ರಾತ್ರಿಯ ಟ್ರಿಪ್ 25 ಇದ್ದರೂ ವರ್ಷದ ಲೆಕ್ಕ ಕೂಡುತ್ತದೆ. ಹಾಗಾಗಿ ವೆಬ್‌ಸೈಟ್ ಮಾಡಿಸುವ ಮೊದಲು ನಾಲ್ಕು ಫೋಟೊಗ್ರಾಫರ್‌ಗಳಿಗೆ ಗಾಡಿ ತೋರಿಸಿ. ಗೂಗಲ್ ಮ್ಯಾಪ್‌ನಲ್ಲಿ ಹೆಸರು, ವಾಟ್ಸಾಪ್ ಬಿಸಿನೆಸ್ ನಂಬರ್ ಇದ್ದರೆ ಶುರುವಿಗೆ ಸಾಕು.

ಹೆಜ್ಜೆ 5: ಗಾಡಿಯ ಒಳಗನ್ನು ನಮ್ಮ ಸೆಕೆಗೆ ತಕ್ಕಂತೆ ಮಾಡಿ

ಎಲ್ಲ ಗಿರಾಕಿಗಳೂ ಕೇಳುವುದು ಒಂದೇ: "ರಾತ್ರಿ ಇಡೀ ಎಸಿ ಇರ್ತದಲ್ವಾ?" ಈ ಪ್ರಶ್ನೆಗೆ ಸುಳ್ಳು ಹೇಳಬೇಡಿ. ಲೆಕ್ಕ ಸುಲಭ. 12.8 ವೋಲ್ಟ್‌ನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಎಂದರೆ 2,560 ವ್ಯಾಟ್-ಅವರ್. ಒಂದು ಟನ್ ಎಸಿ ಗಂಟೆಗೆ ಸುಮಾರು 1,000 ವ್ಯಾಟ್-ಅವರ್ ತಿನ್ನುತ್ತದೆ. ಇನ್ವರ್ಟರ್‌ನಲ್ಲಿ ಸ್ವಲ್ಪ ಸೋರಿಕೆ ಕಳೆದರೆ ಎರಡು ಗಂಟೆ ಚಿಲ್ಲರೆ, ಅಷ್ಟೆ. ಅದೇ 25 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ 200 ವ್ಯಾಟ್-ಅವರ್ ಮಾತ್ರ.

ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಫ್ಯಾನು ಸಾಕಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ರಾತ್ರಿ ನಿಲ್ಲುವ ಜಾಗದಲ್ಲಿ 16 ಆಂಪಿಯರ್ ಪ್ಲಗ್ ಇರಲೇಬೇಕು. ಗಾಡಿಯಲ್ಲಿ 25 ಮೀಟರ್ ದಪ್ಪ ಕೇಬಲ್ ಇಡಿ. ಸಾಧಾರಣ ಎಕ್ಸ್‌ಟೆನ್ಶನ್ ಬಾಕ್ಸ್ ಕರಗುತ್ತದೆ, ನಮ್ಮದು ಕರಗಿದೆ. ಗಾಡಿಗೆ ಇಎಲ್‌ಸಿಬಿ, ಎಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಬಂದ್ ಆಗುವ ಸ್ವಿಚ್, ಹಾಕಿಸಿ. ಒದ್ದೆ ನೆಲ, ಬರಿಗಾಲು, ಲೋಹದ ಬಾಡಿ, ಮೂರೂ ಒಟ್ಟಿಗೆ ಇರುವ ಊರು ನಮ್ಮದು.

ನೀರು 100 ಲೀಟರ್ ಸಾಕು. ನಾಲ್ಕು ಜನ ಒಂದು ದಿನ ಕಳೆಯುತ್ತಾರೆ, ದಿನಾ ತುಂಬಿಸಿಕೊಳ್ಳುವ ವ್ಯವಸ್ಥೆ ಮಾಡಿ.

ಗ್ಯಾಸ್ ವಿಷಯದಲ್ಲಿ ಕಟ್ಟುನಿಟ್ಟು ಇರಲಿ. ಮನೆಯ 14.2 ಕೆಜಿ ಕೆಂಪು ಸಿಲಿಂಡರ್ ಬಾಡಿಗೆ ಗಾಡಿಯಲ್ಲಿ ಇಡುವಂತಿಲ್ಲ. 5 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಏಜೆನ್ಸಿಯಲ್ಲಿ ಸಿಗುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ, ಸರಿಯಾಗಿ ಮಲಗಿದವರ ಮೂಗಿನ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಲಿ, ಲೀಕ್ ಅಲಾರಂ ನೆಲದ ಹತ್ತಿರ ಇರಲಿ. ಗಾಡಿ ಓಡುವಾಗ ವಾಲ್ವ್ ಬಂದ್. ಒಂದು ಬೆಂಕಿ ನಂದಿಸುವ ಸಿಲಿಂಡರ್ ಬಾಗಿಲ ಪಕ್ಕದಲ್ಲೇ.

ಮತ್ತೆ ಬಂಗುಡೆ. ಮಲ್ಪೆಯಲ್ಲಿ ತಾಜಾ ಮೀನು ಸಿಕ್ಕಿದ ಮೇಲೆ ಯಾರೂ ಸುಮ್ಮನೆ ಕೂರುವುದಿಲ್ಲ. ನಮ್ಮ ಎರಡನೆಯ ಗಿರಾಕಿಗಳು ಗಾಡಿಯೊಳಗೆ, ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಬಂಗುಡೆ ಫ್ರೈ ಮಾಡಿದರು. ಸೀಟಿನ ಸ್ಪಂಜಿನಿಂದ ಆ ವಾಸನೆ ಹೋಗಲು ಹನ್ನೊಂದು ದಿನ ಬೇಕಾಯಿತು. ಮುಂದಿನ ಬುಕಿಂಗ್ ಶುದ್ಧ ಸಸ್ಯಾಹಾರಿ ಕುಟುಂಬದ್ದು, ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕೊಟ್ಟೆವು. ಮೀನು ಬೇಡ ಎಂದು ಈ ಊರಿನಲ್ಲಿ ಹೇಳಲು ಆಗುತ್ತದಾ? ಈಗ ಹೊರಗೆ ಇಡುವ ಮಡಚುವ ಮೇಜು, ಒಂದು ಒಲೆ, ಒಂದು ಕಾವಲಿ ನಾವೇ ಕೊಡುತ್ತೇವೆ. ಒಳಗೆ ಕಾಫಿ, ಗಂಜಿ, ಹೊರಗೆ ಮೀನು. ಎಲ್ಲರಿಗೂ ಖುಷಿ.

ಟಾಯ್ಲೆಟ್. ಕ್ಯಾಸೆಟ್ ಮಾದರಿಯದ್ದು (ಡಬ್ಬಿ ಹೊರಗೆ ಎಳೆದು ಖಾಲಿ ಮಾಡುವಂಥದ್ದು) ಹಾಕಿಸಿದರೆ ಕೊಳೆ ತುಂಬುವ ಡಬ್ಬಿ ಸುಮಾರು 20 ಲೀಟರ್. ನಾಲ್ಕು ಜನರಿಗೆ ಒಂದು ದಿನ, ಒಂದೂವರೆ ದಿನ. ಖಾಲಿ ಮಾಡುವುದು ಡ್ರೈವರ್ ಕೆಲಸ ಎಂದು ಗಿರಾಕಿ ತಿಳಿಯುತ್ತಾನೆ, ಗಿರಾಕಿಯದ್ದು ಎಂದು ಡ್ರೈವರ್ ತಿಳಿಯುತ್ತಾನೆ. ಕರಾರಿನಲ್ಲೇ ಬರೆಯಿರಿ. ನಾವು ಡ್ರೈವರ್‌ಗೆ ಇದಕ್ಕೆಂದೇ ಪ್ರತಿ ಟ್ರಿಪ್‌ಗೆ 300 ರೂ. ಬೇರೆ ಕೊಡುತ್ತೇವೆ. ಕ್ಲೀನಿಂಗ್‌ನ 700ರಲ್ಲಿ ಅದು ಸೇರಿದೆ. ಸುರಿಯುವುದು ಮನೆ ಅಥವಾ ಹೋಮ್‌ಸ್ಟೇಯ ಟಾಯ್ಲೆಟ್ ಗುಂಡಿಗೆ ಮಾತ್ರ, ಅವರನ್ನು ಕೇಳಿ. ಫಾರ್ಮಾಲಿನ್ ಇರುವ ನೀಲಿ ಕೆಮಿಕಲ್ ಗುಂಡಿಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎನ್ಜೈಮ್ ಮಾದರಿಯದ್ದು ತನ್ನಿ. ಇಲ್ಲದಿದ್ದರೆ ಎರಡನೆಯ ಸಲ ಅವರು ಗೇಟು ತೆರೆಯುವುದಿಲ್ಲ. ತೋಡಿಗೆ, ಹೊಳೆಗೆ ಬಿಡುವವರಿಗೆ ಗಾಡಿ ಇಡುವ ಯೋಗ್ಯತೆ ಇಲ್ಲ.

ಹೆಜ್ಜೆ 6: ನಿಲ್ಲುವ ಜಾಗ ಮೊದಲು, ರೂಟ್ ಆಮೇಲೆ

ಬುಕಿಂಗ್ ಶುರು ಮಾಡುವ ಮೊದಲು ನೀವೇ ಗಾಡಿ ತೆಗೆದುಕೊಂಡು ಹೋಗಿ, ರಾತ್ರಿ ನಿಲ್ಲಬಹುದಾದ ಐದಾರು ಜಾಗ ಗಟ್ಟಿ ಮಾಡಿ. ಬೀಚ್ ಪಾರ್ಕಿಂಗ್ ನಂಬಬೇಡಿ. ಸಮುದ್ರಕ್ಕೆ ಐದು ನಿಮಿಷ ದೂರದಲ್ಲಿರುವ ತೆಂಗಿನ ತೋಟದ ಹೋಮ್‌ಸ್ಟೇ ಒಳ್ಳೆಯದು. ಪ್ಲಗ್, ನೀರು, ಗುಂಡಿ ಮೂರೂ ಸಿಗುತ್ತದೆ, ಡ್ರೈವರ್‌ಗೆ ಮಲಗಲು ಒಂದು ಕೋಣೆಯೂ. ಅಂಗಳದ ಗೇಟಿನ ಅಗಲ, ಮೇಲಿನ ಕರೆಂಟ್ ತಂತಿ, ಬಾಗಿದ ತೆಂಗಿನ ಮರ, ಇವನ್ನು ಟೇಪ್ ಹಿಡಿದು ಅಳೆಯಿರಿ. ಕ್ಯಾರವಾನಿನ ಎತ್ತರ ಎಸಿ ಸೇರಿ ಎಷ್ಟು ಎಂದು ಡ್ಯಾಶ್‌ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

ನಾವು ಸಾಮಾನ್ಯವಾಗಿ ಕೊಡುವ ಎರಡು ರಾತ್ರಿಯ ರೂಟ್ ಹೀಗೆ: ಮೊದಲ ದಿನ ಮಂಗಳೂರಿನಿಂದ ಪಡುಬಿದ್ರಿ ಬ್ಲೂ ಫ್ಲಾಗ್ ಬೀಚ್, ಕಾಪು ದೀಪಸ್ತಂಭ, ಉಡುಪಿ. ಎರಡನೆಯ ದಿನ ಕುಂದಾಪುರ ದಾಟಿ ಮರವಂತೆ, ಕೊಲ್ಲೂರು. ಮೂರನೆಯ ದಿನ ವಾಪಸ್. ರಸ್ತೆ ಹೆಚ್ಚಾಗಿ ಸಪಾಟು, ಹೋಗಿ ಬರಲು 300 ಕಿ.ಮೀ. ಒಳಗೆ. ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೈವೇ. ಎಲ್ಲರೂ "ಇಲ್ಲೇ ನಿಲ್ಲಿಸಿ" ಎನ್ನುತ್ತಾರೆ. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ರಾತ್ರಿ ನಿಲ್ಲಿಸಬೇಡಿ, ಲಾರಿಗಳು ನಿದ್ದೆಯಲ್ಲಿ ಬರುತ್ತವೆ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಹತ್ತುವ ಮೊದಲು ನೀರಿನ ಟ್ಯಾಂಕ್ ಅರ್ಧ ಖಾಲಿ ಮಾಡಿ, ಕಪಾಟುಗಳಿಗೆ ಚಿಲಕ ಹಾಕಿ, ಯಾರೂ ಮಂಚದ ಮೇಲೆ ಮಲಗಿರಬಾರದು. ಮಳೆಗಾಲದಲ್ಲಿ ಘಾಟಿಗಳಿಗೆ ನಿರ್ಬಂಧ ಬರುತ್ತಿರುತ್ತದೆ, ಹೊರಡುವ ದಿನ ವಿಚಾರಿಸಿ. ಮೈಸೂರು ದಾಟಿ ಊಟಿ, ವಯನಾಡಿಗೆ ಕೇಳುವವರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಬಂದ್ ಎಂದು ಮೊದಲೇ ತಿಳಿಸಿ.

ಮರಳಿಗೆ ಇಳಿಸಬೇಡಿ. ಇದನ್ನು ಎಷ್ಟು ಹೇಳಿದರೂ ಕಡಿಮೆ. ಸಸಿಹಿತ್ಲುವಿನಲ್ಲಿ ಗಿರಾಕಿ ಡ್ರೈವರ್‌ಗೆ "ಅಣ್ಣ, ಇನ್ನು ಹತ್ತೇ ಅಡಿ, ಫೋಟೊಗೆ" ಎಂದರು. ಹತ್ತಡಿ ಹೋಯಿತು. ಹಿಂದಿನ ಟಯರ್ ಆಕ್ಸೆಲ್‌ವರೆಗೆ ಹೂತುಹೋಯಿತು. ಡ್ರೈವರ್ ಆಕ್ಸಿಲರೇಟರ್ ಕೊಟ್ಟಷ್ಟೂ ಕೆಳಗೆ. ಸಂಜೆ ಆರು ಗಂಟೆ, ಅಲೆ ಮೇಲೆ ಬರುತ್ತಿತ್ತು. ಮೀನುಗಾರರು ಎಂಟು ಹತ್ತು ಜನ ಬಂದು, ಟಯರ್ ಮುಂದೆ ಮಡಲು ಹಾಕಿ, ದೋಣಿಯ ಹಗ್ಗ ಕಟ್ಟಿ, ಟಯರ್ ಗಾಳಿ ಅರ್ಧ ಇಳಿಸಿ ಎಳೆದರು. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. "ಬೊಂಡ ಕುಡಿಸಿ, ಸಾಕು" ಎಂದರು. ಬೊಂಡಕ್ಕೆ 400 ಆಯಿತು. ಉಪ್ಪು ನೀರು ನುಗ್ಗಿದ ಬ್ರೇಕ್ ಡ್ರಮ್ ಬಿಚ್ಚಿಸಲು 6,500.

ಹೆಜ್ಜೆ 7: ಡ್ರೈವರ್

ಗಾಡಿಯ ಹೆಸರು ಉಳಿಸುವವನೂ ಕೆಡಿಸುವವನೂ ಇವನೇ. ಲೈಸೆನ್ಸ್ ವಿಷಯ ಈಗ ಸುಲಭ: 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ, ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಇದ್ದವರು 7,500 ಕೆಜಿಗಿಂತ ಕಡಿಮೆ ತೂಕದ ಟ್ರಾನ್ಸ್‌ಪೋರ್ಟ್ ಗಾಡಿಯನ್ನೂ ಓಡಿಸಬಹುದು ಎಂದಿದೆ. ಆದರೆ ಲೈಸೆನ್ಸ್ ಇದ್ದರೆ ಸಾಲದು. ಗಿರಾಕಿ ಒತ್ತಾಯಿಸಿದಾಗ "ಆಗುವುದಿಲ್ಲ ಸರ್" ಎನ್ನುವ ಎದೆ ಬೇಕು. ಸಸಿಹಿತ್ಲುವಿನ ನಂತರ ನಾವು ಒಂದು ನಿಯಮ ಮಾಡಿದೆವು: ಡ್ರೈವರ್ ಬೇಡ ಎಂದರೆ ಬೇಡ, ಗಿರಾಕಿ ನಮಗೆ ಫೋನ್ ಮಾಡಿದರೂ ನಾವು ಡ್ರೈವರ್ ಪರವೇ ನಿಲ್ಲುತ್ತೇವೆ. ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಓಡಿಸಬಾರದು, ಅದು ಕಾನೂನು ಕೂಡ. ಡ್ರೈವರ್ ಸೀಟಿನಲ್ಲೇ ಮಲಗಲಿ ಎನ್ನುವ ಮಾಲೀಕರನ್ನು ನೋಡಿದ್ದೇನೆ. ಮರುದಿನ ಅವನು ಓಡಿಸುವುದು ನಿಮ್ಮದೇ ಗಾಡಿಯನ್ನು, ನೆನಪಿರಲಿ.

ಹೆಜ್ಜೆ 8: ಕರಾರು ಮತ್ತು ಕೈಗೆ ಕೊಡುವ ಅರ್ಧ ಗಂಟೆ

ಕರಾರು ಎರಡು ಪುಟ ಸಾಕು, ಕನ್ನಡದಲ್ಲೇ ಇರಲಿ. ಹೊರಡುವ ಮತ್ತು ವಾಪಸ್ ಬರುವ ಹೊತ್ತು, ಎಷ್ಟು ಜನ, ಫ್ರೀ ಕಿ.ಮೀ., ಅದರ ಮೇಲೆ ಕಿ.ಮೀ.ಗೆ ಎಷ್ಟು, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್, ಏನು ಹಾಳಾದರೆ ಎಷ್ಟು. ಕೊನೆಯದಕ್ಕೆ ಒಂದು ದರಪಟ್ಟಿ ಮಾಡಿ. "ಹಾನಿ ಭರಿಸಬೇಕು" ಎಂದು ಬರೆದರೆ ಜಗಳ. "ಹಾಸಿಗೆ ಕವರ್ 1,200, ಕಿಟಕಿ ಪರದೆ 800" ಎಂದು ಬರೆದರೆ ಜಗಳ ಇಲ್ಲ. ಡೆಪಾಸಿಟ್ 5,000 ಯುಪಿಐನಲ್ಲಿ ಮೊದಲೇ ತೆಗೆದುಕೊಳ್ಳಿ, ಬಂದ ಮರುದಿನ ಕೊಟ್ಟುಬಿಡಿ. ಎಲ್ಲರ ಐಡಿ ಪ್ರತಿ ಇಟ್ಟುಕೊಳ್ಳಿ. ಆರ್‌ಸಿಗಿಂತ ಜಾಸ್ತಿ ಜನ ಹತ್ತಿದರೆ ತಲೆಗೆ 200 ರೂ. ದಂಡ, ಹಾಗೆಯೇ ಇನ್ಶೂರೆನ್ಸ್‌ನವರಿಗೆ ಒಂದು ನೆಪ. "ಸಣ್ಣ ಮಗು ಒಂದು ಜಾಸ್ತಿ" ಎನ್ನುವುದನ್ನು ಬುಕಿಂಗ್ ದಿನವೇ ಕೇಳಿ.

ಗಾಡಿ ಹೊರಡುವಾಗ ಗಿರಾಕಿಯ ಎದುರೇ ಒಳಗೂ ಹೊರಗೂ ವಿಡಿಯೊ ತೆಗೆಯಿರಿ, ಓಡೋಮೀಟರ್, ಡೀಸೆಲ್ ಮುಳ್ಳು ಸೇರಿಸಿ. ಅದೇ ವಿಡಿಯೊ ಅವರ ವಾಟ್ಸಾಪ್‌ಗೂ ಕಳಿಸಿ. ನೀರಿನ ಪಂಪ್, ಟಾಯ್ಲೆಟ್, ಎಸಿ, ಈ ಮೂರನ್ನು ಅವರ ಕೈಯಲ್ಲೇ ಒಮ್ಮೆ ಆನ್-ಆಫ್ ಮಾಡಿಸಿ. ನೀವು ಮಾಡಿ ತೋರಿಸಿದರೆ ತಲೆ ಆಡಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ.

ಹೆಜ್ಜೆ 9: ವಾಪಸ್ ಬಂದ ದಿನ

ಬಂದ ಕೂಡಲೇ ಮೊದಲ ಕೆಲಸ ಒಳಗಿನದ್ದಲ್ಲ, ಅಡಿಭಾಗದ್ದು. ಸಿಹಿನೀರಿನಿಂದ ಚಾಸಿಸ್ ತೊಳೆಯಿರಿ. ಸಮುದ್ರದ ಗಾಳಿಯಲ್ಲಿ ಎರಡು ರಾತ್ರಿ ನಿಂತ ಗಾಡಿಯ ಬೋಲ್ಟ್‌ಗಳ ಮೇಲೆ ಬೆರಳಾಡಿಸಿ ನಾಲಗೆಗೆ ಹಚ್ಚಿ ನೋಡಿ, ಉಪ್ಪು ಗೊತ್ತಾಗುತ್ತದೆ. ನಂತರ ಟ್ಯಾಂಕ್ ಖಾಲಿ, ಫ್ರಿಜ್ ಬಾಗಿಲು ತೆರೆದಿಡುವುದು, ಹಾಸಿಗೆ ನಿಲ್ಲಿಸಿ ಗಾಳಿಗೆ ಬಿಡುವುದು. ಬೆಡ್‌ಶೀಟ್ ಮೂರು ಸೆಟ್ ಇರಲಿ: ಒಂದು ಗಾಡಿಯಲ್ಲಿ, ಒಂದು ತೊಳೆಯಲು, ಒಂದು ಕಪಾಟಿನಲ್ಲಿ. ಹಿಂದೆ ಹಿಂದೆಯೇ ಬುಕಿಂಗ್ ತೆಗೆದುಕೊಳ್ಳಬೇಡಿ, ನಡುವೆ ಒಂದು ಪೂರ್ತಿ ದಿನ ಬಿಡಿ.

ಹೆಜ್ಜೆ 10: ಮಳೆಗಾಲ

ಜೂನ್ 1ರಿಂದ ಜುಲೈ 31, ಟ್ರಾಲ್ ಬೋಟುಗಳು ದಕ್ಕೆಯಲ್ಲಿ ಕಟ್ಟಿ ನಿಲ್ಲುವ 61 ದಿನ ನಮ್ಮ ಗಾಡಿಗೂ ರಜೆ. ಮೇ ಕೊನೆಯ ವಾರ ರೂಫ್‌ನ ಪ್ರತಿಯೊಂದು ಜಾಯಿಂಟ್‌ಗೆ ಹೊಸ ಸೀಲೆಂಟ್ ಹಾಕಿಸಿ. ಸೋರಿಕೆ ಶುರುವಾಗುವುದು ಎಸಿ ಸುತ್ತ ಮತ್ತು ಸೋಲಾರ್ ಪ್ಯಾನೆಲ್‌ನ ಸ್ಕ್ರೂಗಳಲ್ಲಿ. ಅಂಡರ್‌ಬಾಡಿ ಕೋಟಿಂಗ್ ಈಗಲೇ. ಸ್ಪಂಜುಗಳನ್ನು ಮನೆಯೊಳಗೆ ತನ್ನಿ, ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಹಸಿರು ಬೂಸ್ಟು. ಕಪಾಟುಗಳ ಬಾಗಿಲು ತೆರೆದಿಟ್ಟು, ಇದ್ದಿಲಿನ ಚೀಲ ಇಡಿ. ವಾರಕ್ಕೊಮ್ಮೆ ಎಂಜಿನ್ ಇಪ್ಪತ್ತು ನಿಮಿಷ ಓಡಿಸಿ, ಎಸಿ ಕೂಡ. ವಯರ್ ಇಲಿಗೆ ಬಹಳ ಇಷ್ಟ. ನಮ್ಮಲ್ಲಿ ಅದಕ್ಕೆ ಬೆಕ್ಕು ಉಂಟು.

ಮಳೆಗಾಲದ ಆದಾಯಕ್ಕೆ ಮೊದಲು ಹೇಳಿದ ಮೂರನೆಯ ದಾರಿ ಉಪಯೋಗಕ್ಕೆ ಬರುತ್ತದೆ. ಶೀಟ್ ಹಾಕಿದ ಶೆಡ್ಡಿನ ಕೆಳಗೆ ಗಾಡಿ ನಿಲ್ಲಿಸಿ, ಮಳೆ ನೋಡಲು ಬರುವವರಿಗೆ ರೂಮಿನ ಹಾಗೆ ಕೊಡುವುದು. ಡೀಸೆಲ್ ಇಲ್ಲ, ಡ್ರೈವರ್ ಇಲ್ಲ, ಟಯರ್ ಸವೆಯುವುದಿಲ್ಲ. ರಾತ್ರಿಗೆ 2,500 ಸಿಕ್ಕಿದರೂ ಹೆಚ್ಚಿನ ಪಾಲು ಕೈಯಲ್ಲೇ. ಹೋಮ್‌ಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಮನೆಯ ಜೊತೆ ಸೇರಿ ಮಾಡಿದರೆ ತಲೆನೋವು ಕಡಿಮೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು.

ಹೆಜ್ಜೆ 11: ಪುಸ್ತಕ

ಬಾಡಿಗೆಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಒಂದು ಗಾಡಿಯಲ್ಲಿ ಅಷ್ಟು ಆಗುವುದಿಲ್ಲ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಬಾಡಿಗೆಗೆ ಓಡುವ ಗಾಡಿಗೆ ವರ್ಷಕ್ಕೆ 30 ಶೇಕಡಾ ಸವಕಳಿ ತೋರಿಸಬಹುದು, ಬಿಲ್ಲುಗಳನ್ನೆಲ್ಲ ಇಟ್ಟುಕೊಂಡು ಆಡಿಟರ್‌ಗೆ ಕೊಡಿ. ನೀವು ಸ್ವಂತಕ್ಕೆ ಓಡಿಸಿದ ಕಿ.ಮೀ. ಬೇರೆ ಬರೆದಿಡಿ.

ಪ್ರತಿ ವರ್ಷ ಮೇ 31ಕ್ಕೆ ಟ್ರಿಪ್‌ಗಳನ್ನು ಎಣಿಸಿ. ಎರಡು ಸೀಸನ್ ಸತತ 20 ದಾಟದಿದ್ದರೆ ಗಾಡಿ ಮಾರುವುದೋ ವೈಟ್ ಬೋರ್ಡ್‌ಗೆ ವಾಪಸ್ ತರುವುದೋ ಯೋಚಿಸಿ. ವಾಪಸ್ ತರುವುದಾದರೆ ಪರ್ಮಿಟ್ ಸರೆಂಡರ್, ಟ್ಯಾಕ್ಸ್ ಬಾಕಿ, ಬ್ಯಾಂಕಿನ ಒಪ್ಪಿಗೆ ಎಲ್ಲ ಬೇಕು, ಹಾಗಾಗಿ ಮುಂದಿನ ಎಫ್‌ಸಿ ಮತ್ತು ಇನ್ಶೂರೆನ್ಸ್‌ಗೆ ದುಡ್ಡು ಕಟ್ಟುವ ಮೊದಲೇ ಶುರು ಮಾಡಿ. ನಮ್ಮದು ಕಳೆದ ಸೀಸನ್ 27 ಟ್ರಿಪ್, 11 ಶೂಟಿಂಗ್. ಈ ಸಲ ಸೀಲೆಂಟ್ ಹಾಕಲು ಮೇಲೆ ಹತ್ತಿದ ಹುಡುಗ ಕೆಳಗೆ ಬಗ್ಗಿ ನೋಡಿ, "ಅಕ್ಕ, ಗಾಡಿ ಅಡಿಯಲ್ಲಿ ಮತ್ತೆ ಮರಿ ಉಂಟು" ಎಂದ. ಅವು ಕಣ್ಣು ಬಿಡುವವರೆಗೆ ವಾರದ ಎಂಜಿನ್ ಓಡಿಸುವ ಕೆಲಸ ಮುಂದಕ್ಕೆ ಹಾಕಿದ್ದೇವೆ.